ಲೈಸೆನ್ಸ್ ಕೊಡಿಸ್ತಾರಂತೆ, ಗಾಡಿ ಮಾತ್ರ ಓಡಿಸಬಾರದಂತೆ!

ಬಹಳ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಕಾರು ಕಲಿಯುತ್ತಿದ್ದೆ. ಇವತ್ತು ಸ್ವಲ್ಪ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಹೊಟ್ಟೆಗೆ ಹಾಕಿಕೊಳ್ಳಿ.

ನನಗೆ ಆಟಿಸಂ ಇದೆ ಅಂತ ಗೊತ್ತಾಗಿದ್ದು ಇಪ್ಪತ್ತೇಳನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ಹಾರನಹಳ್ಳಿಯಲ್ಲಿ ನಾನು ‘ಒಂಥರಾ ಹುಡುಗ’. ಈಗಲೂ ಅಷ್ಟೇ, ಕೈಯಲ್ಲೊಂದು ಸರ್ಟಿಫಿಕೇಟ್ ಇದೆ ಅನ್ನೋದೊಂದೇ ವ್ಯತ್ಯಾಸ. ಹೋದ ವರ್ಷ ಅಪ್ಪನಿಗೆ ಸ್ಟ್ರೋಕ್ ಆಯ್ತು. ವಾರಕ್ಕೆರಡು ಸಲ ಮೈಸೂರಿಗೆ ಕರೆದುಕೊಂಡು ಹೋಗಬೇಕು. ಪಿರಿಯಾಪಟ್ಟಣಕ್ಕೆ ಹೋಗಿ, ಹುಣಸೂರು ದಾಟಿ, ಬಸ್ಸಿನಲ್ಲಿ ಒಂದು ಕಾಲು ಎಳೆಯುತ್ತಾ ಅವರು, ಪಕ್ಕದಲ್ಲಿ ಕಿವಿ ಮುಚ್ಚಿಕೊಂಡು ನಾನು. ನನಗೆ ಬಸ್ಸಿನ ಹಾಡು, ಹಾರನ್ನು, ಹಿಂದಿನ ಸೀಟಿನ ಫೋನು, ಎಲ್ಲಾ ಒಂದೇ ಜೋರಿನಲ್ಲಿ ಕೇಳುತ್ತೆ. ಯಾವುದನ್ನೂ ಹಿಂದಕ್ಕೆ ತಳ್ಳೋಕೆ ಆಗಲ್ಲ. ಹೊಗೆಸೊಪ್ಪಿನ ದುಡ್ಡು ಬಂದಾಗ ಒಂದು ಹಳೇ ಕಾರು ತಗೊಂಡ್ವಿ.

ಡ್ರೈವಿಂಗ್ ಸ್ಕೂಲಿಗೆ ಸೇರಿದೆ (ಹೆಸರು ಬೇಡ ಬಿಡಿ). ಕಲಿಸೋ ಅಣ್ಣ ಮೊದಲ ದಿನವೇ "ಕ್ಲಚ್ಚು ವಸಿ ಬುಡು" ಅಂದ. ವಸಿ ಅಂದ್ರೆ ಎಷ್ಟು? ಕೇಳಿದೆ. "ವಸಿ ಅಂದ್ರೆ ವಸಿ ಕಣಪ್ಪ!" ಅಂತ ಕಿರುಚಿದ. ಮೂರನೇ ದಿನ, ಸ್ಟೇರಿಂಗ್ ಗಟ್ಟಿಯಾಗಿ ಹಿಡಿದಿದ್ದೆ ಅಂತ "ಬುಡು, ಹಂಗೇ ಬುಡು" ಅಂದ. ಎರಡೂ ಕೈ ಬಿಟ್ಟೆ. ನಗಬೇಡಿ, ಅವನು ಹೇಳಿದ್ದನ್ನೇ ಮಾಡಿದ್ದು ನಾನು.

ಅವತ್ತೇ ನನ್ನ ವಿಷಯ ತಿಳಿಸಿದೆ. ತಿಳಿಸಿದರೆ ಸುಲಭ ಆಗುತ್ತೆ ಅಂದುಕೊಂಡಿದ್ದು ನನ್ನ ದಡ್ಡತನ. ಸಂಜೆಗೆ ಮನೆಗೇ ಬಂದ. "ಗೌಡ್ರೇ, ಇಂಥೋರ ಕೈಗೆ ಗಾಡಿ ಕೊಡಬ್ಯಾಡಿ. ಯಾರಿಗಾದ್ರೂ ಗುದ್ದುಬುಟ್ರೆ ಯಾರು ಜವಾಬ್ದಾರಿ?" ಸರಿ, ಒಂದು ಆತಂಕ ಅಂತಲೇ ಇಟ್ಟುಕೊಳ್ಳೋಣ. ಆದರೆ ಹೋಗುವಾಗ ಏನಂದ ಗೊತ್ತಾ? "ಲೈಸೆನ್ಸ್ ಬೇಕಾದ್ರೆ ಹೇಗಾದ್ರೂ ಮಾಡುಸ್ಕೊಡ್ತೀನಿ, ಓಡ್ಸೋದು ಮಾತ್ರ ಬ್ಯಾಡ."

ಈ ಎರಡನೇ ಮಾತು ಅವನಿಗೆ ವಿಚಿತ್ರ ಅನಿಸಲೇ ಇಲ್ಲ. ಓಡಿಸೋಕೆ ಬಾರದವನಿಗೆ ಲೈಸೆನ್ಸ್ ಕೊಡಿಸೋದು ಅಪಾಯ ಅಲ್ಲ, ನಾನು ಕಲಿಯೋದು ಅಪಾಯ!

ಕಾನೂನು ಏನು ಹೇಳುತ್ತೆ? ಎಲ್ಎಲ್ಆರ್ ತಗೊಳ್ಳುವಾಗ ಫಾರಂ 1 ಅಂತ ಒಂದು ಸ್ವಯಂ ಘೋಷಣೆ ಕೊಡಬೇಕು. ಮೂರ್ಛೆರೋಗ, ಇರುಳುಗಣ್ಣು, 25 ಮೀಟರ್ ದೂರದ ನಂಬರ್ ಪ್ಲೇಟು ಕಾಣುತ್ತಾ, ಹೀಗೆಲ್ಲಾ ಕೇಳಿರುತ್ತಾರೆ. ಕೊನೆಗೊಂದು ಗೋಣಿಚೀಲದಂಥ ಪ್ರಶ್ನೆ: ಜನರಿಗೆ ಅಪಾಯ ತರಬಹುದಾದ ಬೇರೆ ಯಾವುದಾದರೂ ಕಾಯಿಲೆ, ಅಂಗವೈಕಲ್ಯ ಇದೆಯಾ? ಆಟಿಸಂ ಅಂತ ಎಲ್ಲೂ ಬರೆದಿಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲೂ ಅದರ ಹೆಸರಿರಲಿಲ್ಲ. 2016ರ ಕಾಯ್ದೆ ಪಟ್ಟಿ ಮಾಡಿದ 21 ವೈಕಲ್ಯಗಳಲ್ಲಿ ಇದೆ, ಜೊತೆಗೆ ತಾರತಮ್ಯ ಮಾಡಕೂಡದು ಅಂತಲೂ ಇದೆ. ಅಂದರೆ ಆ ಗೋಣಿಚೀಲದೊಳಗೆ ನನ್ನನ್ನು ತುರುಕಿದ್ದು ಕಾಯ್ದೆ ಅಲ್ಲ, ಕೌಂಟರಿನ ಈಚೆ ಆಚೆ ಇರೋ ಜನ.

ಕಿವಿ ಕೇಳದವರಿಗೂ ಹೀಗೇ ಅಂತಿದ್ದರು. 2011ರಲ್ಲಿ ದೆಹಲಿ ಹೈಕೋರ್ಟು ಅವರೂ ಟೆಸ್ಟ್ ಕೊಡಬಹುದು ಅಂತು. ಬಣ್ಣಗುರುಡು ಇದ್ದವರನ್ನೂ ದೂರ ಇಟ್ಟಿದ್ದರು. 2020ರಲ್ಲಿ ಕೇಂದ್ರ ಸರ್ಕಾರ ಅಲ್ಪ, ಮಧ್ಯಮ ಪ್ರಮಾಣದವರಿಗೆ ನಿಯಮ ಸಡಿಲಿಸಿತು. ಆಟಿಸಂ ಇರೋರೆಲ್ಲಾ ಓಡಿಸಬಲ್ಲರು ಅಂತ ನಾನು ಹೇಳ್ತಿಲ್ಲ ಕಣ್ರೀ. ಕೆಲವರಿಗೆ ಆಗಲ್ಲ. ಅದನ್ನು ಹೇಳಬೇಕಾದ್ದು ಟೆಸ್ಟು, ನನ್ನ ಕಾಗದ ಅಲ್ಲ.

ಈಗ ಅಪಾಯದ ವಿಷಯಕ್ಕೆ ಬರೋಣ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಹೆಚ್ಚುಕಡಿಮೆ ಹತ್ತರಲ್ಲಿ ಏಳು ಸಾವು ಅತಿವೇಗದ ಲೆಕ್ಕಕ್ಕೆ. ನನಗೋ, 40 ಅಂತ ಬೋರ್ಡ್ ಇದ್ದರೆ 41 ಆದರೂ ಮೈ ಉರಿಯುತ್ತೆ! ನನ್ನ ಕಷ್ಟ ಬೇರೆ ಕಡೆ ಇದೆ. ಮುಂದಿನ ಲಾರಿ ಬಲಗಡೆ ಇಂಡಿಕೇಟರ್ ಹಾಕುತ್ತೆ. ಪುಸ್ತಕದ ಪ್ರಕಾರ ಅವನು ಬಲಕ್ಕೆ ತಿರುಗಬೇಕು. ನಮ್ಮ ರಸ್ತೆಯಲ್ಲಿ ಕೆಲವೊಮ್ಮೆ ಅದರರ್ಥ ‘ನೀನು ಮುಂದೆ ಹೋಗು’. ಎದುರಿನವ ಲೈಟ್ ಮಿನುಗಿಸಿದರೆ ‘ನೀನು ಬಾ’ ಅಂತಲ್ಲ, ‘ನಾನು ಬರ್ತಿದ್ದೀನಿ, ನಿಂತ್ಕೊ’ ಅಂತ. ಇದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ, ಆದರೂ ಎಲ್ಲರಿಗೂ ಗೊತ್ತಂತೆ. ಸುಮ್ಮಸುಮ್ಮನೆ ಹಾರನ್ ಹೊಡೆದರೆ 2019ರ ತಿದ್ದುಪಡಿಯಲ್ಲಿ ಸಾವಿರ ರೂಪಾಯಿ ದಂಡ ಇದೆ. ನಮ್ಮ ಕಡೆ ಯಾರಾದರೂ ಕಟ್ಟಿದ್ದನ್ನು ನೀವು ನೋಡಿದ್ದೀರಾ? ಬರೆದ ನಿಯಮ ಪಾಲಿಸೋನು ‘ಇಂಥೋನು’, ಮುರಿಯೋರು ಒಳ್ಳೇ ಡ್ರೈವರ್ರು.

ಕಡೆಗೆ ಕಲಿಸಿದ್ದು ಚಿಕ್ಕಪ್ಪನ ಮಗ, ಕುಯ್ಲಾದ ಹೊಲದಲ್ಲಿ. "ಕಾಲು ನಿಧಾನಕ್ಕೆ ಎತ್ತು, ಗಾಡಿ ನಡುಗಿದ ತಕ್ಷಣ ಅಲ್ಲೇ ನಿಲ್ಲಿಸು, ಮೂರು ಎಣಿಸು, ಆಮೇಲೆ ಆಕ್ಸಿಲೇಟ್ರು." ಅಷ್ಟೇ. ಅರ್ಧ ಗಂಟೆಯಲ್ಲಿ ಬಂತು. ಆಮೇಲೆ ಇಂಡಿಕೇಟರ್ ಭಾಷೆಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿದ. ಹದಿನಾಲ್ಕು ಪುಟ ಆಗಿದೆ. ಕೇಳಿದರೆ ಡ್ರೈವಿಂಗ್ ಸ್ಕೂಲಿನವರಿಗೂ ಪುಕ್ಕಟೆ ಕೊಡ್ತೀನಿ.

ಎಲ್ಎಲ್ಆರ್ ಆಗಿ ಮೂವತ್ತು ದಿನ ಮುಗೀತು. ಹುಣಸೂರಿನ ಟೆಸ್ಟಿಗೆ ಮುಂದಿನ ವಾರ ಹೋಗ್ತೀನಿ. ಪಾಸಾದರೂ ಫೇಲಾದರೂ ಇಲ್ಲೇ ಬರೀತೀನಿ. ಅಪ್ಪ ಬರೋಕೆ ಒಪ್ಪಿದ್ದಾರೆ, ಆದರೆ ಹಿಂದಿನ ಸೀಟಂತೆ.