ವ್ಯಾಯಾಮ: ಯಾರಿಗೆ, ಯಾವುದಕ್ಕೆ?

ಶಾಲೆಗಳ ಕ್ರೀಡೋತ್ಸವಗಳಲ್ಲಿ ಭಾಷಣಕ್ಕೆ ನಿಂತವರು ಕಾಳಿದಾಸನ ‘ಕುಮಾರಸಂಭವ’ದ ಒಂದು ಮಾತನ್ನು ತಪ್ಪದೆ ಉದಾಹರಿಸುವುದುಂಟು. ಧರ್ಮಸಾಧನೆಗೆ ಶರೀರವೇ ಮೊದಲ ಉಪಕರಣವೆಂಬುದು ಅದರ ತಾತ್ಪರ್ಯ. ಐದನೆಯ ಸರ್ಗದಲ್ಲಿ, ಉಗ್ರತಪಸ್ಸಿನಲ್ಲಿ ನಿರತಳಾದ ಪಾರ್ವತಿಗೆ ಬ್ರಹ್ಮಚಾರಿಯ ವೇಷದಲ್ಲಿ ಬಂದ ಶಿವನು ಹೇಳುವ ಮಾತದು. ಆದರೆ ಅದು ಪದ್ಯದ ಕೊನೆಯ ಪಾದ ಮಾತ್ರ. ಅದರ ಹಿಂದಿನ ಪಾದದಲ್ಲಿ ಅವನು ಒಂದು ಪ್ರಶ್ನೆ ಕೇಳಿದ್ದಾನೆ: ನಿನ್ನ ಶಕ್ತಿಗೆ ತಕ್ಕಂತೆ ತಪಸ್ಸನ್ನು ನಡೆಸುತ್ತಿರುವೆಯಷ್ಟೆ? ನಾವು ಆ ಪ್ರಶ್ನೆಯನ್ನು ಕೈಬಿಟ್ಟು ಸಿದ್ಧಾಂತವನ್ನು ಮಾತ್ರ ಹಿಡಿದುಕೊಂಡಿದ್ದೇವೆ.

ಇದರ ಫಲವನ್ನು ನಾನೇ ಕಂಡಿದ್ದೇನೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಬೇರೊಂದು ಊರಿನ ಶಾಲೆಯಲ್ಲಿದ್ದಾಗ, ನನ್ನ ತರಗತಿಯಲ್ಲಿ ಸ್ಥೂಲಕಾಯದ ಬಾಲಕನೊಬ್ಬನಿದ್ದನು. ಡ್ರಿಲ್ಲಿನ ದಿನ ಎಲ್ಲರೂ ಮೈದಾನವನ್ನು ಐದು ಸುತ್ತು ಓಡಬೇಕು. ಅವನು ಯಾವಾಗಲೂ ಕೊನೆಯವನು. ಒಂದು ದಿನ ಏದುಸಿರು ಬಿಡುತ್ತ ನಿಂತಿದ್ದವನಿಗೆ ನಾನು, “ಇನ್ನೆರಡು ಸುತ್ತು ಓಡಪ್ಪಾ, ಮೈ ಇಳಿಯುತ್ತದೆ” ಎಂದೆ. ಹುಡುಗರು ನಕ್ಕರು. ಅಂದಿನಿಂದ ಡ್ರಿಲ್ಲಿನ ದಿನವೆಲ್ಲ ಅವನಿಗೆ ಹೊಟ್ಟೆನೋವು. ಕೆಲವು ವರ್ಷಗಳಾದ ಮೇಲೆ ಒಂದು ಜಾತ್ರೆಯಲ್ಲಿ, ಗುಂಡುಕಲ್ಲು ಎತ್ತುವ ಪಂದ್ಯದಲ್ಲಿ ಅವನನ್ನು ಕಂಡೆ. ಕಲ್ಲನ್ನು ಹೆಗಲಿಗೇರಿಸಿ ಹಿಂದಕ್ಕೆ ಚೆಲ್ಲಿದನು. ನನ್ನನ್ನು ಗುರುತಿಸಿ ಬಂದು ನಮಸ್ಕರಿಸಿದನು. “ಗರಡಿಯ ಉಸ್ತಾದರು ಮೊದಲು ಓಡಿಸಲಿಲ್ಲ ಗುರುಗಳೇ, ನಿನಗೇನು ಬರುತ್ತದೆ ತೋರಿಸು ಎಂದರು” ಎಂದನು. ಅವನು ಆಕ್ಷೇಪಿಸಿ ಹೇಳಿದ ಮಾತಲ್ಲ. ಆದರೂ ಅದು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ನಮ್ಮಲ್ಲಿ ಯಾವ ಶಾಸ್ತ್ರವನ್ನು ಆರಂಭಿಸುವಾಗಲೂ ಅನುಬಂಧಚತುಷ್ಟಯವನ್ನು ವಿಚಾರಿಸುವ ಪದ್ಧತಿಯಿದೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಏನನ್ನು ಕಲಿಸುತ್ತೇವೆ, ಯಾವ ಫಲಕ್ಕಾಗಿ, ಕಲಿಕೆಗೂ ಫಲಕ್ಕೂ ಏನು ನಂಟು, ಯಾರಿಗೆ ಕಲಿಸುತ್ತೇವೆ? ವ್ಯಾಕರಣಕ್ಕೂ ತರ್ಕಕ್ಕೂ ಅನ್ವಯಿಸುವ ಈ ವಿಚಾರ ವ್ಯಾಯಾಮಕ್ಕೆ ಮಾತ್ರ ಬೇಡವಾಯಿತೇಕೆ?

ನಮ್ಮ ಪೂರ್ವಿಕರಿಗೆ ಇದು ಬೇಡವಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಪ್ರಕರಣವಿದೆ. ಅಲ್ಲಿ ಜಟ್ಟಿಗಳ ಶಿಕ್ಷಣವನ್ನು ಬರಿಯ ‘ಸಾಮು’ ಎಂದು ಹೇಳಿ ಮುಗಿಸಿಲ್ಲ. ಭಾರ ಹೊರುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ಈಜಿನ ಸಲಿಲಶ್ರಮ, ತೋಳುಗಳ ಸಾಧನೆ, ಕಂಬವನ್ನು ಆಶ್ರಯಿಸಿದ ಸ್ತಂಭಶ್ರಮ ಎಂದು ವಿಂಗಡಣೆಯಿದೆ. ಮಲ್ಲರಲ್ಲಿಯೂ ತರತಮಗಳನ್ನು ಹೇಳಿದೆ. ಸುಶ್ರುತಸಂಹಿತೆಯಾದರೋ ತನ್ನ ಬಲದ ಅರ್ಧದಷ್ಟೇ ವ್ಯಾಯಾಮ ಮಾಡಬೇಕೆಂದು ವಿಧಿಸಿ, ಅದರ ಮಿತಿಯನ್ನು ಉಸಿರಾಟದ ಲಕ್ಷಣದಿಂದ ತಿಳಿಯಬೇಕೆನ್ನುತ್ತದೆ.

ಇಂದಿನ ಕ್ರೀಡಾವಿಜ್ಞಾನ ಹೇಳುವುದೂ ಇದಕ್ಕೆ ದೂರವಲ್ಲ. ದೇಹವು ತನಗೆ ವಿಧಿಸಿದ ಕೆಲಸಕ್ಕೇ ಹೊಂದಿಕೊಳ್ಳುತ್ತದೆ. ಬಲ ಬೇಕಾದವನು ಕೆಲವೇ ಸಲ ಎತ್ತಬಲ್ಲಷ್ಟು ಭಾರವನ್ನು ಎತ್ತಿ, ನಡುನಡುವೆ ಸಾಕಷ್ಟು ವಿಶ್ರಮಿಸಬೇಕು. ದಮ್ಮು ಬೇಕಾದವನು ಮಾತನಾಡಬಹುದು, ಹಾಡಲಾಗದು ಎನ್ನುವಷ್ಟು ವೇಗದಲ್ಲಿ ಬಹುಕಾಲ ನಡೆಯಬೇಕು ಇಲ್ಲವೆ ಓಡಬೇಕು. ಇನ್ನೂರು ಬಸ್ಕಿ ಹೊಡೆಯಬಲ್ಲವನ ಕಾಲಿಗೆ ತಾಳಿಕೆ ಬಂದಿರುತ್ತದೆ. ಭಾರವಾದ ಮೂಟೆಯನ್ನೆತ್ತುವ ಕಸುವೂ ಅಷ್ಟೇ ಬಂದಿದೆಯೆನ್ನಲಾಗದು. ನನ್ನದೇ ಸಂಗತಿ ಹೇಳುವುದಾದರೆ, ಹಲವು ವರ್ಷ ಮುಂಜಾನೆಯ ನಡಿಗೆಯನ್ನು ಬಿಡದಿದ್ದರೂ ಮಂಡಿನೋವು ಬಂದಿತು. ನಡಿಗೆಯೊಂದೇ ಸಾಲದು, ತೊಡೆಯ ಸ್ನಾಯುಗಳಿಗೆ ಬಲ ಬರಬೇಕೆಂದರು ವೈದ್ಯರು. ಕುರ್ಚಿಯಿಂದ ಕೈಯೂರದೆ ಏಳುವ ಅಭ್ಯಾಸವನ್ನು ಕೆಲವು ತಿಂಗಳು ಮಾಡಿದ ಮೇಲೆ ಮೆಟ್ಟಿಲೇರುವುದು ಸುಗಮವಾಯಿತು.

ಹಾಗೆಂದು ಎಳೆಯ ಮಕ್ಕಳನ್ನು ಒಂದೊಂದೇ ಆಟಕ್ಕೆ ಕಟ್ಟಿಹಾಕಬೇಕೆಂದು ನನ್ನ ಅಭಿಪ್ರಾಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು 5ರಿಂದ 17 ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆಯನ್ನೂ, ವಾರಕ್ಕೆ ಕನಿಷ್ಠ 3 ದಿನ ಸ್ನಾಯು ಮತ್ತು ಮೂಳೆಗಳನ್ನು ಬಲಪಡಿಸುವ ಚಟುವಟಿಕೆಯನ್ನೂ ಹೇಳಿದೆ. ಬಾಲ್ಯದಲ್ಲಿ ಬುನಾದಿ ಅಗಲವಾಗಿರಬೇಕು. ವಿಶೇಷಾಭ್ಯಾಸ ಅದರ ಮೇಲೆ ಏಳತಕ್ಕದ್ದು.

ಐವತ್ತು ಮಕ್ಕಳಿಗೆ ಒಬ್ಬ ಶಿಕ್ಷಕನಿರುವಲ್ಲಿ ಇದು ಸಾಧ್ಯವೆ ಎಂದು ಸಹೋದ್ಯೋಗಿಗಳು ಕೇಳಬಹುದು. ಐವತ್ತು ಪಾಠಗಳು ಬೇಕಿಲ್ಲ, ಮೂರು ಗುಂಪುಗಳು ಸಾಕು. ನಲವತ್ತು ನಿಮಿಷಗಳ ಅವಧಿಯಲ್ಲಿ ಮೊದಲ ಹತ್ತು ನಿಮಿಷ ಎಲ್ಲರಿಗೂ ಸಮಾನ. ಮುಂದಿನ ಇಪ್ಪತ್ತು ನಿಮಿಷ ಬಲ, ದಮ್ಮು, ಮೈಬಾಗು ಎಂಬ ಮೂರು ಗುಂಪು, ವಾರದ ಸರದಿಯಲ್ಲಿ ಎಲ್ಲರೂ ಎಲ್ಲದಕ್ಕೂ ಬರುವಂತೆ. ಕೊನೆಯ ಹತ್ತು ನಿಮಿಷ ಆಟ. ಬಾಲಕಿಯರಿಗೂ ಇದೇ ಕ್ರಮ. ಅವರನ್ನು ಮರದ ನೆರಳಿನಲ್ಲಿ ಕೂರಿಸುವುದು ವ್ಯಾಯಾಮವಾಗದು. ಬಸ್ಕಿಯನ್ನು ಶಿಕ್ಷೆಯಾಗಿ ಕೊಡುವುದಂತೂ ಇಂದೇ ನಿಲ್ಲಲಿ. ತಪ್ಪಿಗೆ ದಂಡವಾಗಿ ಕಂಡ ವ್ಯಾಯಾಮವನ್ನು ಯಾವ ಮಗು ತಾನೇ ಪ್ರೀತಿಸೀತು?

ದಾನಿಗಳಲ್ಲಿಯೂ ಒಂದು ವಿಜ್ಞಾಪನೆಯುಂಟು. ಹೊಳೆಯುವ ಯಂತ್ರಗಳ ವ್ಯಾಯಾಮಶಾಲೆಯನ್ನು ಕಟ್ಟಿಸುವ ಮೊದಲು ತಿಳಿದ ಶಿಕ್ಷಕರೊಬ್ಬರನ್ನು ಒದಗಿಸಿರಿ. ಬಳಿಕ ಒಂದು ಮಲ್ಲಕಂಬ, ಹಗ್ಗಗಳು, ಮರಳಿನ ಹೊಂಡ ಇಷ್ಟಾದರೂ ಬಹಳ. ಗೆದ್ದವರಿಗೆ ಪಾರಿತೋಷಕ ಕೊಡುವಾಗ, ಕಳೆದ ವರ್ಷದ ತನ್ನನ್ನು ತಾನೇ ಮೀರಿಸಿದ ಮಗುವಿಗೂ ಒಂದನ್ನು ಮೀಸಲಿಡಿರಿ. ಅಂದು ಕೊನೆಯವನಾಗಿ ಓಡಿದ ನನ್ನ ಶಿಷ್ಯನಂಥವರು ಪ್ರತಿ ತರಗತಿಯಲ್ಲಿಯೂ ಇದ್ದಾರೆ. ಅವರಿಗೆ ಸಾಧ್ಯವಾದುದನ್ನು ಕಂಡುಹಿಡಿಯಲು ಜಾತ್ರೆಯವರೆಗೆ ಕಾಯಬೇಕಾಗಿಲ್ಲ. ಆ ಕೆಲಸ ಶಾಲೆಯದು.