ಬೇಟೆಗೆ ಪಾಲಿತ್ತು, ಬೇಲಿಗೇಕಿಲ್ಲ?

"ನನ್ನ ಜಾಗಕ್ಕೆ ನಾನು ಬೇಲಿ ಹಾಕಿದರೆ ಯಾರಪ್ಪನ ಗಂಟು ಹೋಯಿತು?" ಸಂಘದ ಕಾರ್ಯಕ್ರಮ ಮುಗಿದು ಕಾಫಿ ಕುಡಿಯುವ ಹೊತ್ತಿನಲ್ಲಿ ಈ ಮಾತು ಈಚೆಗೆ ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ. ಆಡುವವರು ಕೆಟ್ಟವರೇನಲ್ಲ. ಸೂರತ್ತಿನಲ್ಲೋ ವಡೋದರದಲ್ಲೋ ಅಹಮದಾಬಾದಿನಲ್ಲೋ ಹತ್ತಿಪ್ಪತ್ತು ವರ್ಷ ದುಡಿದು, ಹಿರಿಯರ ಆಸ್ತಿಯಲ್ಲಿ ತಮ್ಮ ಹಿಸ್ಸೆಯನ್ನು ಉಳಿಸಿಕೊಂಡಿರುವ ನಮ್ಮವರೇ. ರಜೆಗೆಂದು ಊರಿಗೆ ಹೋಗುತ್ತಾರೆ. ಹದಿನೈದು ದಿನದಲ್ಲಿ ಕಬ್ಬಿಣದ ಕಂಬ ನೆಡಿಸಿ, ಎಂಟಡಿ ಜಾಲರಿ ಬಿಗಿಸಿ, ಗೇಟಿಗೆ ಬೀಗ ಜಡಿದು, ಬೀಗದಕೈಯನ್ನು ಜೇಬಿನಲ್ಲಿಟ್ಟುಕೊಂಡು ಹಜೀರಾಕ್ಕೆ ಮರಳುತ್ತಾರೆ. ಅವರ ಪ್ರಶ್ನೆಗೆ ಉತ್ತರ ಬಹಳ ಸರಳವಾಗಿದೆ: ಹೋದದ್ದು ಪಕ್ಕದವನ ಗಂಟು. ಅದು ಹೇಗೆಂಬುದನ್ನು ವಿವರಿಸುವುದಕ್ಕಾಗಿಯೇ ಈ ಲೇಖನ.

ನಾನು ಉತ್ತರ ಕನ್ನಡದ ಘಟ್ಟದ ಮೇಲಿನವನು. ಅಲ್ಲಿ ಅಡಿಕೆ ತೋಟವಿದ್ದವರಿಗೆ ಎಕರೆ ತೋಟಕ್ಕೆ ಒಂಬತ್ತು ಎಕರೆಯ ಲೆಕ್ಕದಲ್ಲಿ ಸೊಪ್ಪಿನ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಬಂದಿದೆ. ಇಲ್ಲಿ ಸವಲತ್ತು ಎಂಬ ಶಬ್ದವನ್ನು ಗಮನಿಸಬೇಕು. ಸೊಪ್ಪು ಕಡಿಯಬಹುದು, ದರಕು ಗುಡಿಸಿ ತರಬಹುದು. ಆದರೆ ಬೆಟ್ಟವು ತೋಟದವನ ಸ್ವಂತ ಆಸ್ತಿಯಲ್ಲ, ಸರ್ಕಾರದ ಕಾಡು. ಊರಿನ ದನ ಮೇಯುತ್ತಿದ್ದುದು ಅಲ್ಲಿ. ಕೂಲಿಯವರ ಮನೆಯ ಹೆಂಗಸರು ಒಣಕಟ್ಟಿಗೆ ಆಯುತ್ತಿದ್ದುದು ಅಲ್ಲಿ. ಊರವರು ಒಟ್ಟಾಗಿ ಬೇಟೆಗೆ ಹೋಗುತ್ತಿದ್ದುದೂ ಅಲ್ಲಿಯೇ.

ಬೇಟೆಯ ಮಾತೆತ್ತಿದರೆ ಕೆಲವರು ಹುಬ್ಬು ಗಂಟಿಕ್ಕುತ್ತಾರೆ. ನಾನು ಬೇಟೆಯ ಪರ ವಕಾಲತ್ತು ವಹಿಸಿ ಬರೆಯುತ್ತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ಕಡಿವಾಣ ಹಾಕಿತು, 1991ರ ತಿದ್ದುಪಡಿ ಪರವಾನಗಿ ಬೇಟೆಯನ್ನೂ ನಿಲ್ಲಿಸಿತು. ಅದು ಸರಿಯಾದ ಕೆಲಸವೇ. ಆದರೆ ಹಿರಿಯರ ಬೇಟೆಯಲ್ಲಿ ಒಂದು ನ್ಯಾಯವಿತ್ತು. ಈಡು ಹೊಡೆದವನಿಗೆ ಒಂದು ಪಾಲು ಹೆಚ್ಚು. ಕಾಡು ಸೋಹಿ ಪ್ರಾಣಿ ಎಬ್ಬಿಸಿದವರಿಗೆಲ್ಲ ಪಾಲು. ನಾಯಿಗೂ ಪಾಲು. ಗಾಯಗೊಂಡ ಹಂದಿ ಇನ್ನೊಬ್ಬರ ಬೆಟ್ಟಕ್ಕೆ ನುಗ್ಗಿದರೆ ಬೆನ್ನಟ್ಟಿ ಹೋಗಲು ಯಾರ ಅಪ್ಪಣೆಯೂ ಬೇಕಿರಲಿಲ್ಲವೆಂದು ಅಜ್ಜಂದಿರು ಹೇಳುತ್ತಿದ್ದರು. ಕಾಡಿನಿಂದ ಬರುವ ಲಾಭ ಹತ್ತು ಮನೆಯದು, ಕಾಡಿನಿಂದ ಬರುವ ಉಪದ್ರವವೂ ಹತ್ತು ಮನೆಯದು. ಗದ್ದೆ ಹಣ್ಣಾಗುವ ಕಾಲಕ್ಕೆ ಮಾಳ ಕಟ್ಟಿ ಸರದಿಯ ಮೇಲೆ ರಾತ್ರಿ ಕಾಯುತ್ತಿದ್ದರು. ಬೇಟೆ ನಿಂತಿತು, ನಿಲ್ಲಬೇಕಾಗಿತ್ತು. ಅದರೊಂದಿಗೆ ಪಾಲಿನ ನ್ಯಾಯವೂ ನಿಲ್ಲಬೇಕೆಂದು ಯಾವ ಕಾಯಿದೆಯಲ್ಲಿ ಬರೆದಿದೆ?

ಈಗ ಎತ್ತರದ ಬೇಲಿಯ ಗುಣವನ್ನು ನೋಡೋಣ. ಹಂದಿಗೆ ಹಸಿವು, ಕಡವೆಗೆ ಹಸಿವು. ಬೇಲಿ ಹಸಿವನ್ನು ಕಡಿಮೆ ಮಾಡುವುದಿಲ್ಲ, ದಾರಿಯನ್ನಷ್ಟೇ ತಿರುಗಿಸುತ್ತದೆ. ನಮ್ಮ ಕಡೆಯ ಒಂದೂರಿನಲ್ಲಿ ಪರಸ್ಥಳದಲ್ಲಿ ನೆಲಸಿರುವ ಒಬ್ಬರು ತೋಟವನ್ನೂ ಅದಕ್ಕೆ ತಾಗಿದ ಬೆಟ್ಟವನ್ನೂ ಒಟ್ಟಿಗೆ ಸೇರಿಸಿ ಎಂಟಡಿ ಜಾಲರಿ ಹಾಕಿಸಿದರು. ಹಂದಿಗಳು ಹಳ್ಳಕ್ಕೆ ಇಳಿಯುತ್ತಿದ್ದ ಹಳೆಯ ದಾರಿ ಕಟ್ಟಿತು. ಜಾಲರಿಯ ಗುಂಟ ನಡೆದ ಹಿಂಡು ಜಾಲರಿ ಮುಗಿದಲ್ಲಿ ತಿರುಗಿತು. ಅಲ್ಲಿ ಇದ್ದದ್ದು ಎರಡು ಎಕರೆ ಭತ್ತದ ಮೇಲೆ ಸಂಸಾರ ಸಾಗಿಸುವವನ ಗದ್ದೆ. ಅವನ ಗದ್ದೆಗೆ ಮೊದಲು ಹಂದಿ ಬರುತ್ತಿರಲಿಲ್ಲವೆಂದಲ್ಲ. ಮೊದಲು ಹತ್ತು ಕಡೆ ಹಂಚಿಹೋಗುತ್ತಿದ್ದ ಹಾನಿ ಈಗ ಒಬ್ಬನ ತಲೆಗೇ ಕಟ್ಟಿತು. ಅವನೂ ಬೇಲಿ ಹಾಕಲಿ ಎನ್ನುತ್ತೀರಾ? ಬೇಲಿಯ ಖರ್ಚು ಅವನ ಕೆಲವು ವರ್ಷದ ಭತ್ತಕ್ಕಿಂತ ಹೆಚ್ಚು.

ಇಷ್ಟಾಗಿಯೂ ಈ ಬೇಲಿ ಹಾಕಿದವನಿಗಾದರೂ ಪೂರ್ಣ ರಕ್ಷಣೆ ಕೊಡುವುದೇ? ಹಂದಿ ಜಾಲರಿಯ ಬುಡ ಅಗೆಯುತ್ತದೆ. ಮುಳ್ಳುಹಂದಿಯೂ ಹಾಗೆಯೇ. ಮಂಗನಿಗೆ ಜಾಲರಿ ಎಂದರೆ ಏಣಿ. ಆನೆಯ ವಿಷಯದಲ್ಲಂತೂ ಕರ್ನಾಟಕ ಸರ್ಕಾರ ಹಳೆಯ ರೈಲು ಹಳಿಗಳನ್ನೇ ಅಡ್ಡ ಹಾಕಿ ನೋಡಿದೆ. 2018ರ ಡಿಸೆಂಬರಿನಲ್ಲಿ ನಾಗರಹೊಳೆಯಲ್ಲಿ ಅಂಥ ತಡೆಯನ್ನು ದಾಟಲು ಹೋದ ಗಂಡಾನೆಯೊಂದು ಅದರಲ್ಲಿಯೇ ಸಿಕ್ಕಿ ಸತ್ತಿತು. ಹಳಿಯನ್ನು ಹತ್ತಲು ನೋಡುವ ಹಸಿವು ನಮ್ಮ ಜಾಲರಿಗೆ ಹೆದರುವುದೇ?

ಇದಕ್ಕಿಂತ ಘೋರವಾದದ್ದು ಕರೆಂಟಿನ ಬೇಲಿ. ವಿಜ್ಞಾನದ ಪದವಿ ಪಡೆದವನಾಗಿ ಎರಡು ಮಾತು ಹೇಳಬೇಕಾಗಿದೆ. ಅಂಗಡಿಯಲ್ಲಿ ಸಿಗುವ ಸೋಲಾರ್ ಬೇಲಿಯ ಯಂತ್ರ ಸುಮಾರು ಸೆಕೆಂಡಿಗೊಮ್ಮೆ, ಕಣ್ಣೆವೆ ಬಡಿಯುವುದಕ್ಕಿಂತ ಬಹಳ ಕಡಿಮೆ ಹೊತ್ತು, ಒಂದು ಹೊಡೆತ ಕೊಟ್ಟು ಬಿಡುತ್ತದೆ. ಪ್ರಾಣಿ ಬೆಚ್ಚಿ ಹಿಂದೆ ಸರಿಯಲು ಎಡೆ ಇರುತ್ತದೆ. ಮನೆಯ 230 ವೋಲ್ಟಿನ ತಂತಿಯನ್ನು ನೇರವಾಗಿ ಬೇಲಿಗೆ ಕಟ್ಟಿದರೆ ಹರಿವು ಎಡೆಬಿಡದೆ ಇರುತ್ತದೆ. ಸ್ನಾಯು ಸೆಟೆದು ಹಿಡಿದದ್ದನ್ನು ಬಿಡಲಾಗುವುದಿಲ್ಲ. ಅದು ಬೇಲಿಯಲ್ಲ, ಉರುಲು. ನಾವಿರುವ ಗುಜರಾತಿನಲ್ಲೇ 2007ರಲ್ಲಿ ಗಿರ್ ಕಾಡಿನ ಅಂಚಿನ ಪ್ರೇಮ್‌ಪರಾ ಬಳಿ ಇಂಥ ಹೊಲದ ಬೇಲಿಗೆ ಐದು ಸಿಂಹಗಳು ಬಲಿಯಾದವು. ಸಿಂಹವಾದುದರಿಂದ ಪತ್ರಿಕೆಯಲ್ಲಿ ಬಂತು. ದನವೋ, ನಸುಕಿನಲ್ಲಿ ನೀರು ತಿರುಗಿಸಲು ಹೋದ ಆಳೋ ಆಗಿದ್ದರೆ?

ಇನ್ನು ಎದುರು ವಾದಗಳಿಗೆ ಬರೋಣ. "ನಾವು ಊರಲ್ಲಿಲ್ಲ, ರಾತ್ರಿ ಕಾಯುವವರಾರು? ಆಳು ಸಿಗುವುದಿಲ್ಲ, ಅಡಿಕೆ, ಮೆಣಸು ಕಳುವಾಗುತ್ತದೆ" ಎನ್ನುತ್ತಾರೆ. ಇದು ನಿಜವಾದ ಕಷ್ಟ, ಅಲ್ಲಗಳೆಯುವುದಿಲ್ಲ. ಬೆಳೆಗೆ ಬೇಲಿ ಬೇಡವೆಂದು ಯಾರೂ ಹೇಳುತ್ತಿಲ್ಲ. ಹಿರಿಯರೂ ತೋಟಕ್ಕೆ ಅಗಳ ತೋಡಿದರು, ಕಳ್ಳಿ ನೆಟ್ಟರು, ಮುಳ್ಳು ಕಟ್ಟಿದರು. ಆದರೆ ಅವರ ಬೇಲಿಗೆ ಎರಡು ಲಕ್ಷಣಗಳಿದ್ದವು. ಬೆಳೆ ಇದ್ದಲ್ಲಿಗೆ ಬೇಲಿ ನಿಲ್ಲುತ್ತಿತ್ತು, ಬೆಟ್ಟವನ್ನು ನುಂಗುತ್ತಿರಲಿಲ್ಲ. ಎರಡನೆಯದಾಗಿ, ಕಾಲುದಾರಿ ಹಾದಲ್ಲಿ ದಣಪೆಯೋ ತಡಬೆಯೋ ಇರುತ್ತಿತ್ತು. ದನ ದಾಟದು, ಮನುಷ್ಯ ದಾಟಬಹುದು. ಶಾಲೆಯ ಮಗು, ಹಾಲಿನ ತಂಬಿಗೆ ಹಿಡಿದ ಅಜ್ಜಿ, ಯಾರೂ ಬೀಗದಕೈ ಎಲ್ಲಿದೆಯೆಂದು ಸೂರತ್ತಿಗೆ ಫೋನು ಮಾಡಬೇಕಾಗಿರಲಿಲ್ಲ.

"ಪಟ್ಟೆ ನನ್ನ ಹೆಸರಿನಲ್ಲಿದೆ" ಎಂಬುದು ಇನ್ನೊಂದು ವಾದ. ತೋಟದ ಪಟ್ಟೆ ಇರಬಹುದು, ಬೆಟ್ಟದ್ದು ಇದೆಯೇ? ಪಟ್ಟೆ ಇದ್ದ ಜಾಗದಲ್ಲಿಯೂ ಇನ್ನೊಬ್ಬರು ಹಕ್ಕಿನಿಂದ, ಬಹಿರಂಗವಾಗಿ, ಅಡೆತಡೆಯಿಲ್ಲದೆ 20 ವರ್ಷ ಬಳಸಿದ ದಾರಿಗೆ 1882ರ ಅನುಭೋಗ ಹಕ್ಕುಗಳ ಕಾಯಿದೆಯ ರಕ್ಷಣೆಯುಂಟು. ಸರ್ಕಾರಿ ಜಮೀನಾದರೆ 30 ವರ್ಷ. ಬೇಲಿಯೊಳಗೆ ಬಂದ ಪ್ರಾಣಿಯೂ ನಮ್ಮದಾಗುವುದಿಲ್ಲ. ಅದು ಅಲ್ಲಿಯೇ ಸತ್ತುಬಿದ್ದರೂ ಕಾಯಿದೆಯ ಪ್ರಕಾರ ಸರ್ಕಾರದ ಸ್ವತ್ತು.

ಬೇರೆ ದೇಶಗಳಲ್ಲಿ ಹೀಗಿಲ್ಲ. ದಕ್ಷಿಣ ಆಫ್ರಿಕದಲ್ಲಿ 1991ರ ಕಾಯಿದೆಯಂತೆ ಸಾಕಷ್ಟು ಭದ್ರವಾದ ಬೇಲಿ ಹಾಕಿದವನಿಗೆ ಒಳಗಿನ ಕಾಡುಪ್ರಾಣಿಯ ಒಡೆತನವೇ ದೊರೆಯಿತು. ಅಮೆರಿಕದ ಟೆಕ್ಸಾಸಿನಲ್ಲಿ ಜಿಂಕೆಗಳು ಸಾರ್ವಜನಿಕರ ಸ್ವತ್ತೆಂದು ಕಾನೂನು ಹೇಳಿದರೂ, ಎಂಟಡಿ ಬೇಲಿಯೊಳಗೆ ಅವನ್ನು ಕೂಡಿಟ್ಟು ಹಣ ಕೊಟ್ಟವರಿಗೆ ಬೇಟೆಯಾಡಿಸುವ ಜಮೀನುದಾರರಿದ್ದಾರೆ. ನೆರೆಯವನ ಪಾಲಿನ ಜಿಂಕೆ ಹಾಗೆ ಬೇಲಿಯ ಆಚೆಗೆ ಉಳಿಯುತ್ತದೆ. ಬೋಟ್ಸ್‌ವಾನಾದಲ್ಲಿ ದನಗಳ ರೋಗ ತಡೆಯಲೆಂದು ಹಾಕಿದ ಉದ್ದನೆಯ ಬೇಲಿಗಳು ನೀರಿನ ದಾರಿ ಕಟ್ಟಿದ್ದರಿಂದ 1980ರ ದಶಕದ ಬರಗಾಲದಲ್ಲಿ ಕಾಡುಮೃಗಗಳು ಸಾವಿರಗಟ್ಟಲೆ ಸತ್ತವು. ಅಲ್ಲಿ ಬೇಲಿ ಪ್ರಾಣಿಯನ್ನು ಕೊಂದಿತು ಅಥವಾ ಕಸಿಯಿತು. ನಮ್ಮಲ್ಲಿ ಅದು ಪ್ರಾಣಿಯನ್ನು ಬಡವನ ಗದ್ದೆಗೆ ಅಟ್ಟುತ್ತದೆ. ದೇಶ ಬೇರೆ, ಅನ್ಯಾಯ ಒಂದೇ: ಎಲ್ಲರದ್ದಾಗಿದ್ದುದನ್ನು ಒಬ್ಬನು ತನಗೆ ಅನುಕೂಲವಾಗುವಂತೆ ತಿರುಗಿಸಿಕೊಂಡದ್ದು.

ಪಾಠ ಕಲಿಯಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಗುಜರಾತಿನ ರೈತನಿಗೆ ನೀಲಗಾಯಿಯ ಕಾಟ ನಮ್ಮ ಹಂದಿಯ ಕಾಟಕ್ಕಿಂತ ಕಡಿಮೆಯದಲ್ಲ. ಇಲ್ಲಿಯ ಸರ್ಕಾರ ತಂತಿ ಬೇಲಿಗೆ ಸಹಾಯಧನ ಕೊಡುವಾಗ ಒಬ್ಬೊಬ್ಬನಿಗೆ ಬಿಡಿಯಾಗಿ ಕೊಡದೆ, ಅಕ್ಕಪಕ್ಕದ ರೈತರು ಗುಂಪಾಗಿ ಬನ್ನಿ ಎಂದಿತು. ಇದರಲ್ಲಿ ವಿವೇಕವಿದೆ. ಗುಂಪಿನ ವಿಸ್ತೀರ್ಣ ಕನಿಷ್ಠ 5 ಹೆಕ್ಟೇರ್ ಎಂದಿದ್ದುದನ್ನು ಬಳಿಕ 2 ಹೆಕ್ಟೇರಿಗೆ ಇಳಿಸಿದರು. ಸಣ್ಣ ರೈತನಿಗೆ ಅನುಕೂಲವಾಯಿತೆಂಬುದು ಸರಿ. ಆದರೆ ಗುಂಪು ಕಿರಿದಾದಷ್ಟೂ ಬೇಲಿಯ ಮೂಲೆಗಳು ಹೆಚ್ಚುತ್ತವೆ, ಪ್ರತಿ ಮೂಲೆಯ ಆಚೆಗೂ ಒಬ್ಬ ನೆರೆಯವನಿದ್ದಾನೆ. ಇನ್ನು ಹಜೀರಾದ ರಸ್ತೆಯ ಇಕ್ಕೆಲದ ಕಾರ್ಖಾನೆಗಳ ಗೋಡೆಗಳನ್ನು ದಿನವೂ ನೋಡುವವರು ನಾವು. ಅನಿಲ, ರಾಸಾಯನಿಕ ಇರುವಲ್ಲಿ ಗೋಡೆ ಬೇಕು, ಒಪ್ಪೋಣ. ಆ ಗೋಡೆಗಳನ್ನು ನೋಡಿ ಕಲಿತ ಕಣ್ಣು ಊರಿನ ಬೆಟ್ಟವನ್ನೂ ಕಾರ್ಖಾನೆಯ ಕಂಪೌಂಡಿನಂತೆ ಕಾಣಬಾರದು.

ಈ ಮಾತು ಹೊರನಾಡಿನವರಾದ ನಮಗೆ ವಿಶೇಷವಾಗಿ ಸಲ್ಲುತ್ತದೆ. 2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾದ ಮೇಲೆ, ಕೃಷಿಕರಲ್ಲದವರೂ ಸಾಗುವಳಿ ಜಮೀನು ಕೊಳ್ಳಲು ಇದ್ದ ಅಡ್ಡಿ ಹೋಯಿತು. ಹೀಗೆ ದೂರದ ಒಡೆಯರು ಹೆಚ್ಚುತ್ತಾರೆ. ಊರಿನಲ್ಲಿರುವವನು ತಪ್ಪು ಬೇಲಿ ಹಾಕಿದರೆ ಮರುದಿನ ಬೆಳಿಗ್ಗೆ ನೆರೆಯವನ ಮುಖ ನೋಡಬೇಕು. ನಮಗೆ ಆ ಭಯವಿಲ್ಲ. ಭಯವಿಲ್ಲದವನಿಗೆ ಬುದ್ಧಿಯಾದರೂ ಇರಬೇಕು.

ಆದುದರಿಂದ ನನ್ನ ಸೂಚನೆಗಳು ಇಷ್ಟು. ಕಂಬ ನೆಡುವ ಮೊದಲು ಸರ್ವೆ ಮಾಡಿಸಿ, ಅಕ್ಕಪಕ್ಕದವರನ್ನು ಕರೆದು ಗಡಿಯನ್ನೂ ಕಾಲುದಾರಿಯನ್ನೂ ಒಟ್ಟಿಗೆ ನೋಡಿ. ಬೆಳೆಗೆ ಬೇಲಿ ಹಾಕಿ, ಬೆಟ್ಟವನ್ನು ಬಿಡಿ. ಹಳ್ಳಕ್ಕೆ ಇಳಿಯುವ ಪ್ರಾಣಿಗಳ ದಾರಿಯನ್ನು ಕಟ್ಟಬೇಡಿ. ಮನೆಯ ಕರೆಂಟನ್ನು ಬೇಲಿಗೆ ಕೊಡಲೇಬೇಡಿ. ಸಾಧ್ಯವಾದರೆ ಕೇರಿಯ ಗದ್ದೆತೋಟಗಳಿಗೆಲ್ಲ ಸೇರಿ ಒಂದೇ ಬೇಲಿ ಹಾಕಿ, ಖರ್ಚನ್ನು ಜಮೀನಿನ ಪ್ರಮಾಣದಲ್ಲಿ ಹಂಚಿಕೊಳ್ಳಿ. ಸಂಬಳ ತರುವ ನಾವು ಒಂದು ಪಾಲು ಹೆಚ್ಚು ಹಾಕಿದರೂ ನಷ್ಟವಿಲ್ಲ. ಕಾಯುವ ಕೆಲಸಕ್ಕೆ ಊರಿನಲ್ಲಿರುವವರ ಮೈ ಇದೆಯಲ್ಲ! ಬೆಳೆ ಹಾನಿಯಾದ ಬಡ ನೆರೆಯವನಿಗೆ ಅರಣ್ಯ ಇಲಾಖೆಯ ಪರಿಹಾರಕ್ಕೆ ಅರ್ಜಿ ಬರೆದುಕೊಡಿ. ಕಚೇರಿಯಲ್ಲಿ ದಿನವೂ ಅರ್ಜಿಗಳ ನಡುವೆ ಬದುಕುವ ನಮ್ಮಂಥವರಿಗೆ ಅದು ಅರ್ಧ ಗಂಟೆಯ ಕೆಲಸ. ಈಗಾಗಲೇ ಬೆಟ್ಟ ಸೇರಿಸಿ ಬೇಲಿ ಹಾಕಿದ್ದರೆ, ಮುಂದಿನ ರಜೆಯಲ್ಲಿ ಆ ಭಾಗದ ಜಾಲರಿ ಬಿಚ್ಚಿಸಿ, ಕಾಲುದಾರಿಗೊಂದು ತಡಬೆ ಇಡಿಸಿ.

ಸಂಘಕ್ಕೂ ಒಂದು ವಿನಂತಿ. ವರ್ಷಕ್ಕೊಮ್ಮೆ ಊರಿನ ಜಮೀನಿನ ವಿಷಯವನ್ನು ಚರ್ಚೆಗೆ ಇಡಿ. ಈ ಲೇಖನವನ್ನು ಒಪ್ಪದವರು ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯಲಿ. ಆದರೆ ಬರೆಯುವ ಮೊದಲು, ತಮ್ಮ ಬೇಲಿ ಮುಗಿಯುವ ಮೂಲೆಯಾಚೆಗೆ ಯಾರ ಗದ್ದೆಯಿದೆ, ಈ ಸಲ ಅವನ ಕಣಜಕ್ಕೆ ಎಷ್ಟು ಭತ್ತ ಬಂತು ಎಂಬುದನ್ನು ಊರಿಗೆ ಫೋನು ಮಾಡಿ ಕೇಳಿಕೊಳ್ಳಲಿ.