ಪಹಣಿಯಲ್ಲಿಲ್ಲದ ಹೋಟೆಲು

ದಾರಿಬದಿಯ ಊಟದ ಹಳೆಯ ನೆನಪುಗಳನ್ನು ಬರೆದು ಕಳಿಸಿ ಎಂದು ಈ ಸಂಚಿಕೆಗಾಗಿ ಕೇಳಿದ್ದೆವು. ದೇವನಹಳ್ಳಿ ಕಡೆಯ ತೋಟದ ಹೋಟೆಲುಗಳ ಬಗ್ಗೆ ಬರೆದವರಿಗೆಲ್ಲ ಸಾರಿನ ರುಚಿ ಚೆನ್ನಾಗಿ ನೆನಪಿದೆ; ಹೋಟೆಲಿನ ಹೆಸರು ಒಬ್ಬರಿಗೂ ನೆನಪಿಲ್ಲ. ಮರೆವನ್ನು ದೂರಬೇಕಾಗಿಲ್ಲ. ಬಹಳಷ್ಟಕ್ಕೆ ಹೆಸರೇ ಇರಲಿಲ್ಲ. 'ದ್ರಾಕ್ಷಿ ತೋಟದ ಹತ್ರ' ಎಂದರೆ ಡ್ರೈವರಿಗೆ ತಿಳಿಯುತ್ತಿತ್ತು.

ಬಳ್ಳಾರಿ ರಸ್ತೆ ಆಗ ರಾಷ್ಟ್ರೀಯ ಹೆದ್ದಾರಿ 7. ಹೈದರಾಬಾದಿನ ಲಾರಿಗಳು, ಅನಂತಪುರದ ಬಸ್ಸುಗಳು, ಸೂರ್ಯೋದಯ ನೋಡಿ ನಂದಿಬೆಟ್ಟ ಇಳಿದು ಬಂದ ಹಸಿದ ಹುಡುಗರು. ರಸ್ತೆಗೆ ತಾಗಿದ ನಾಲ್ಕು ಸಾಲಿನ ಚಪ್ಪರದಡಿ, ಬಳ್ಳಿ ಹೊತ್ತ ಕಲ್ಲುಕಂಬಗಳ ನಡುವೆ, ಬೆಂಚು ಹಾಕಿದರೆ ಹೋಟೆಲು ಆಯಿತು. ಮನೆಯಲ್ಲಿ ಏನು ಬೇಯುತ್ತಿತ್ತೋ ಅದೇ ಎಲೆಗೂ ಬರುತ್ತಿತ್ತು: ಮುದ್ದೆ, ಬಸ್ಸಾರು, ಅವರೆ ಕಾಲದಲ್ಲಿ ಹಿತಕಿದಬೇಳೆ ಸಾರು, ಭಾನುವಾರ ನಾಟಿಕೋಳಿ. ಹೊರಡುವಾಗ ಕೈಗೊಂದು ಚಕ್ಕೋತ, ಇಲ್ಲವೇ ಒಂದೆರಡು ಕೆಜಿ ನೀಲಿ ದ್ರಾಕ್ಷಿ. ಅಸಲು ವ್ಯಾಪಾರ ಹಣ್ಣಿನದೇ, ಊಟ ಗಾಡಿ ನಿಲ್ಲಿಸಲು ಒಂದು ನೆಪ ಎಂಬುದು ನನ್ನ ಗುಮಾನಿ.

ಹಣ್ಣಿಗೆ ದಾಖಲೆಗಳು ಧಾರಾಳವಾಗಿವೆ. ಬೆಂಗಳೂರು ಸುತ್ತಲಿನ ದ್ರಾಕ್ಷಿ ಬೆಳೆಗಾರರಿಗಾಗಿ ತೋಟಗಾರಿಕಾ ತಜ್ಞ ಎಂ.ಎಚ್. ಮರಿಗೌಡರ ಒತ್ತಾಸೆಯಿಂದ 1959ರಲ್ಲಿ ಹುಟ್ಟಿದ ಸಹಕಾರ ಸಂಘವೇ ಮುಂದೆ ಹಾಪ್‌ಕಾಮ್ಸ್ ಆಯಿತು. ಬೆಂಗಳೂರು ನೀಲಿ ದ್ರಾಕ್ಷಿಗೂ ದೇವನಹಳ್ಳಿ ಚಕ್ಕೋತಕ್ಕೂ ಜಿಐ ಮಾನ್ಯತೆ ಸಿಕ್ಕಿದೆ. ಹೋಟೆಲಿಗೆ ಮಾತ್ರ ಒಂದು ಚೀಟಿಯೂ ಇಲ್ಲ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಬೇಸಾಯದ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು ಭೂಪರಿವರ್ತನೆ ಆಗಬೇಕು. ನಾಲ್ಕು ಬೆಂಚಿಗಾಗಿ ಯಾರು ಆಫೀಸಿಗೆ ಅಲೆಯುತ್ತಾರೆ? ಪಹಣಿಯ ಬೆಳೆ ಕಾಲಮ್ಮಿನಲ್ಲಿ ದ್ರಾಕ್ಷಿ ಎಂದೇ ಉಳಿಯಿತು. ಸಾರಿಗೆ ಕಾಲಮ್ಮಿರಲಿಲ್ಲ.

ಸುಮಾರು 4,000 ಎಕರೆಯ ವಿಮಾನ ನಿಲ್ದಾಣ 2008ರ ಮೇ 24ರಂದು ಶುರುವಾಯಿತು. ಈ ಹೋಟೆಲುಗಳು ಮಾಯವಾದದ್ದನ್ನೂ ಅದರ ತಲೆಗೆ ಕಟ್ಟುವುದು ರೂಢಿ; ನಾನು ರಸ್ತೆಯನ್ನು ದೂರುತ್ತೇನೆ. ಅಗಲೀಕರಣಕ್ಕೆ ಮೊದಲು ಹೋಗುವುದು ರಸ್ತೆಬದಿಯ ಸಾಲುಗಳು, ಅಂದರೆ ಬೆಂಚು ಹಾಕಿದ್ದ ಸಾಲುಗಳೇ. ಹಿಂದಿನ ಚಪ್ಪರ ಉಳಿದವರಿಗೂ ನಡುವೆ ಕಂಬಿ, ಸರ್ವಿಸ್ ರಸ್ತೆ, ಮೇಲುಸೇತುವೆ ಬಂದವು. ನಿಲ್ಲಬೇಕೆನ್ನಿಸುವಷ್ಟರಲ್ಲಿ ಗಾಡಿ ಮುಂದೆ ಹೋಗಿರುತ್ತದೆ. ಬೋರ್‌ವೆಲ್ ಸಾವಿರ ಅಡಿ ದಾಟಿದ ಮೇಲೆ ಬಳ್ಳಿಯೂ ಒಣಗಿತು.

ಹಾಗೆಂದು ದಾರಿಬದಿಯ ಊಟವೇ ಸತ್ತಿತು ಎಂದು ಅಳುವವರು ಭಾನುವಾರ ಬೆಳಗಿನ ಜಾವ ಹೊಸಕೋಟೆಗೆ ಹೋಗಿ ಬಿರಿಯಾನಿಯ ಸಾಲು ನೋಡಿ ಬರಲಿ. ಅಲ್ಲಿಗೆ ಊರಿಂದ ಜನ ತಿನ್ನುವುದಕ್ಕೆಂದೇ ಹೋಗುತ್ತಾರೆ. ನಮ್ಮ ತೋಟದವರ ಗಿರಾಕಿ ಬೇರೆಲ್ಲಿಗೋ ಹೊರಟವನು.

ಚಪ್ಪರದ ಕಲ್ಲುಕಂಬಗಳು ಈಗ ಸೈಟುಗಳ ಬೇಲಿಯಲ್ಲಿ ಸಿಗುತ್ತವೆ. ಅಂಥ ತೋಟದಲ್ಲಿ ಉಂಡು ತೆಗೆಸಿಕೊಂಡ ಫೋಟೊ ಯಾರ ಆಲ್ಬಮ್ಮಿನಲ್ಲಾದರೂ ಇದ್ದರೆ ಕಳಿಸಿಕೊಡಿ. ಹಿಂದೆ ಅರ್ಧ ಬೋರ್ಡು ಕಂಡರೂ ಸಾಕು.